ಎಡ ಭುಜ ಅರ್ಧ ಇಂಚು ಕೆಳಗೆ

ಇವತ್ತು ನನ್ನ ವೀಕ್ಲಿ ಆಫ್.
ದುರ್ಗಿಗುಡಿಯ ಆ ಗಾಜಿನ ಬಾಗಿಲನ್ನು
ತಳ್ಳಬೇಕೋ ಎಳೆಯಬೇಕೋ ತಿಳಿಯದೆ
ಒಂದು ಗಳಿಗೆ ನಿಂತೆ.
ದಿನಕ್ಕೆ ಇನ್ನೂರು ಸಲ ಬಾಗಿಲು ತೆಗೆದು ಹಾಕುವವಳು ನಾನು,
ಸಾಗರದ ಬಸ್ಸಿನ ಕಂಡಕ್ಟರು.
ಎಳೆದೆ. ತಳ್ಳಬೇಕಿತ್ತು.

ಒಳಗೆ ತಂಪು. ಲಾವಂಚದ ವಾಸನೆ.
ಬೊಟಿಕ್ ಅಂದರೆ ರಾಶಿ ಬಟ್ಟೆ ಅಂದುಕೊಂಡಿದ್ದೆ,
ಇಲ್ಲಿ ಬಟ್ಟೆಗಿಂತ ಜಾಗವೇ ಹೆಚ್ಚು.
ಒಂದು ಕೋಲಿಗೆ ಏಳೇ ಏಳು ಕುರ್ತಾ
ಒಂದನ್ನೊಂದು ಮುಟ್ಟದೆ,
ಸೀಟು ಖಾಲಿಯಿದ್ದರೂ ನಿಂತೇ ಬರುವ
ಕಾಲೇಜು ಹುಡುಗಿಯರ ಹಾಗೆ.
‘ಹಿಂದೆ ಹೋಗಿ, ಹಿಂದೆ ಜಾಗ ಇದೆ’ ಎಂದು
ಕೂಗಿ ಕೂಗಿ ಒರಟಾದ ಗಂಟಲು
ಯಾರೂ ಹೇಳದೆಯೇ ಪಿಸುಮಾತಿಗಿಳಿಯಿತು.

ಇಂಚರ ಎಂಬ ಹುಡುಗಿ. ಅಂಗಡಿ ಅವಳದೇ.
ಕುತ್ತಿಗೆಗೆ ಟೇಪು, ಒಂದೊಂದು ಕಿವಿಗೆ ಒಂದೊಂದು ಥರದ ಓಲೆ.
ಜೊತೆಯದು ಕಳೆದುಹೋಗಿದೆ ಪಾಪ, ಅಂದುಕೊಂಡೆ.
ಅದು ಹಾಗೇ ಅಂತೆ. ಡಿಸೈನು.

‘ಯಾವ ಬಣ್ಣ ಆಂಟಿ?’
ಹತ್ತೊಂಬತ್ತು ವರ್ಷದಿಂದ
ನನ್ನನ್ನು ಯಾರೂ ಇದನ್ನು ಕೇಳಿರಲಿಲ್ಲ.
ಖಾಕಿಯನ್ನು ಬಣ್ಣ ಅನ್ನುವುದುಂಟೆ,
ಅದು ಧೂಳಿನ ಜೊತೆ ಮಾಡಿಕೊಂಡ ರಾಜಿ.

ಚೂರುಬಟ್ಟೆಯ ಪುಸ್ತಕ ಬಿಡಿಸಿದಳು.
ಟೀಲು, ಮಸ್ಟರ್ಡು, ಈರುಳ್ಳಿ ಸಿಪ್ಪೆಯ ಗುಲಾಬಿ.
ಊಹೂಂ.
‘ಚೋರಡಿ ಸೇತುವೆ ಗೊತ್ತಾ?’ ಅಂದೆ.
‘ಮೊದಲ ಟ್ರಿಪ್ಪು, ಬೆಳಿಗ್ಗೆ ಆರೂಮುಕ್ಕಾಲು.
ಹೊಳೆಗೆ ಬಿಸಿಲು ಇನ್ನೂ ಇಳಿದಿರಲ್ಲ.
ನೀರು ಹಸಿರೂ ಅಲ್ಲ, ಬೂದಿಯೂ ಅಲ್ಲ.
ಒಂದು ಸೀಟಿ ಊದುವಷ್ಟು ಹೊತ್ತು ಕಾಣುತ್ತೆ.
ಅದು.’
ನಗಲಿಲ್ಲ ಹುಡುಗಿ.
ಪೆನ್ಸಿಲಿನಲ್ಲಿ ಬರೆದುಕೊಂಡಳು:
ಚೋರಡಿ, ೬.೪೫.

ಆಮೇಲೆ ಅಳತೆ.
ಅವಳು ಕೂಗುತ್ತಾಳೆ, ಪರದೆಯ ಆಚೆ
ಗೌಸ್ ಮಾಸ್ತರು ಬರೆದುಕೊಳ್ಳುತ್ತಾರೆ.
ಎದೆ ಮೂವತ್ತೆಂಟು. ತೋಳು ಹದಿನೇಳು.
ಭುಜಕ್ಕೆ ಬಂದು ಟೇಪು ನಿಂತಿತು.
‘ನೆಟ್ಟಗೆ ನಿಂತ್ಕೊಳ್ಳಿ ಆಂಟಿ.’
‘ನೆಟ್ಟಗೇ ನಿಂತಿದೀನಮ್ಮಾ.’
ಮತ್ತೊಮ್ಮೆ ಹಿಡಿದಳು. ಮಗದೊಮ್ಮೆ.
‘ಎಡ ಭುಜ ಅರ್ಧ ಇಂಚು ಕೆಳಗೆ.’

ಆಚೆ ಮಿಷನ್ನು ನಿಂತಿತು.
‘ಚೀಲ ಹೊರೋರದು ಹಂಗೇ ಇರ್ತದೆ’ ಅಂದರು ಮಾಸ್ತರು,
‘ಪೋಸ್ಟ್‌ಮ್ಯಾನ್ ಒಬ್ಬರು ಬರ್ತಿದ್ರು. ಅವರದು ಬಲ.’

ಮಿಷನ್ನು ಮತ್ತೆ ಓಡಿತು.
ಗಂಡ ನೋಡಿರಲಿಲ್ಲ ಇದನ್ನು.
ವರ್ಷವರ್ಷವೂ ಎದೆಬಡಿತ ಕೇಳುವ
ಡಿಪೋದ ಡಾಕ್ಟರೂ ನೋಡಿರಲಿಲ್ಲ.
ಮದುವೆಮನೆಗಳಲ್ಲಿ ಸೆರಗು ಜಾರಿದಾಗೆಲ್ಲ
ನಾನು ಪಿನ್ನನ್ನೇ ಬೈದಿದ್ದೆ.

‘ಒಳಗೊಂದು ಪ್ಯಾಡ್ ಇಟ್ರೆ ಎರಡೂ ಸಮ ಕಾಣುತ್ತೆ.’
ಬೇಡ ಅಂದೆ. ಯಾಕೆಂದು ಅವಳು ಕೇಳಲಿಲ್ಲ,
ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.
‘ಜೇಬು ಬೇಕು.’
‘ಜೇಬು ಇಟ್ರೆ ಬಟ್ಟೆಯ ಇಳಿಜಾರು ಕೆಡುತ್ತೆ ಆಂಟಿ.’
‘ಎರಡು ಜೇಬು.’

ಎರಡು ಸಾವಿರದ ನಾನೂರ ತೊಂಬತ್ತೇಳು.
ಐದು ಐನೂರರ ನೋಟು,
ಅಭ್ಯಾಸಬಲ, ಉದ್ದಕ್ಕೆ ಮಡಚಿ
ಬೆರಳ ಸಂದಿಯಿಂದ ಎಳೆದು ಕೊಟ್ಟೆ.
‘ಮೂರು ರೂಪಾಯಿ ಚಿಲ್ಲರೆ ಇಲ್ವಲ್ಲ’ ಎಂದು
ಚಾಕಲೇಟಿನ ಬಟ್ಟಲು ಮುಂದೆ ತಳ್ಳಿದಳು.
ಬಟ್ಟಲನ್ನು ಹಾಗೇ ಹಿಂದೆ ತಳ್ಳಿ
ಬಿಲ್ಲು ತಿರುಗಿಸಿ ೩ ಎಂದು ಬರೆದೆ,
ಸುತ್ತ ಒಂದು ಸೊನ್ನೆ ಎಳೆದೆ.
‘ಇಳಿಯುವಾಗ ಕೇಳ್ತೀನಿ’ ಎಂದು
ಬಾಯಿ ಜಾರಿತು.

ಗಾಂಧಿ ಬಜಾರಿನವರೆಗೆ ನಡೆದೇ ಹೋದೆ.
ಕೇಳದೆ ಇಳಿದುಹೋದವರು ಎಷ್ಟು ಜನ,
ಆಯನೂರಿನಲ್ಲಿ, ಕುಂಸಿಯಲ್ಲಿ, ಆನಂದಪುರದ ಗೇಟಿನಲ್ಲಿ,
ಕಂಕುಳಲ್ಲಿ ಮಗು, ಕೈಯಲ್ಲಿ ಚೀಲ,
ಟಿಕೆಟಿನ ಹಿಂದೆ ನಾನೇ ಬರೆದ ೩, ೭, ೨.
ಆ ಅರ್ಧ ಇಂಚಿನಲ್ಲಿ
ಅವರ ಚಿಲ್ಲರೆಯದೂ ಒಂದಿಷ್ಟು ಇದ್ದೀತು.