ದಂಡದ ಬಿಸಿ

ಎಸ್.ಪಿ. ರೋಡಿನ ಒಳಸಂದಿಯಲ್ಲಿ
ಅಂಗಡಿ ಅಂದರೆ ಒಂದು ಬಾಗಿಲಗಲ.
ಪುಖರಾಜ್ ಸೇಟು ಸುರುಳಿ ಬಿಚ್ಚಿ ತೋರಿಸಿದ.
ಐದು ಮೀಟರು, ಬೆನ್ನಿಗೆ ಗೋಂದು,
ಸಿಪ್ಪೆ ಸುಲಿದು ಅಂಟಿಸಿದರೆ ಮುಗೀತು,
ರಿಮೋಟಿನಲ್ಲಿ ಹದಿನಾರು ಬಣ್ಣ.
"ಹಳೇ ಬಲ್ಬು ಯಾಕಮ್ಮಾ?
ರೂಪಾಯಿಗೆ ಐದು ಪೈಸೆ ಬೆಳಕು,
ಮಿಕ್ಕಿದ್ದೆಲ್ಲ ಬಿಸಿ.
ದಂಡ."

ಆ ಮಾತು ಲಿಂಗರಾಜಪುರದವರೆಗೂ
ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತು ಬಂತು,
ಟಿಕೆಟ್ಟು ತಗೊಳ್ಳದೆ.

ಮನೆಯ ಅಟ್ಟದಲ್ಲಿ ತಗಡಿನ ಬಿಸ್ಕತ್ತು ಡಬ್ಬ.
ಅದರೊಳಗೆ ಮಾವ ಇನ್ನಾಸಪ್ಪನವರ ಸೀರಿಯಲ್ ಸೆಟ್ಟು:
ಆರು ವೋಲ್ಟಿನ ನಲವತ್ತು ಬಲ್ಬು,
ಒಂದೊಂದನ್ನೂ ತಾವೇ ಬೆಸೆದು
ಬಣ್ಣದ ವಾರ್ನಿಷ್ಷಿನಲ್ಲಿ ಅದ್ದಿ
ಬಟ್ಟೆ ಹಗ್ಗಕ್ಕೆ ತೂಗುಹಾಕಿದ್ದು.
ಕೆಂಪು ಚೆನ್ನಾಗಿ ಹಿಡೀತು.
ನೀಲಿ ವರ್ಷವರ್ಷವೂ ಸುಲಿದು
ಕೊನೆಗೆ ಉಗುರಿನ ಅಂಚಿನಷ್ಟು ಉಳೀತು.

ಹಳೆಯದೇ ಚಿನ್ನ ಅಂತ ನಾನೇನೂ ಹಾಡುವುದಿಲ್ಲ.
ಒಂದು ಹೋದರೆ ನಲವತ್ತೂ ಹೋಗುತ್ತಿದ್ದವು.
ಟೆಸ್ಟರ್ ಬಾಯಲ್ಲಿ ಕಚ್ಚಿಕೊಂಡು
ಸೀಬೆ ಗಿಡದ ಕೆಳಗೆ ಅವರು ತಡಕುವುದು,
ನಾನು ಟಾರ್ಚು ಹಿಡಿದು ಬೈಸಿಕೊಳ್ಳುವುದು.
ಎರಡು ವರ್ಷ ನಡುರಾತ್ರಿಯ ಬಲಿಪೂಜೆ ತಪ್ಪಿತು.
ಸ್ವಾಮಿಗಳು ಕೇಳಿದ್ದಕ್ಕೆ
"ನಾನೂ ಕತ್ತಲಲ್ಲಿ ಅದನ್ನೇ ಹುಡುಕ್ತಿದ್ದೆ ಫಾದರ್" ಅಂದರಂತೆ.
ಒಮ್ಮೆ ನಕ್ಷತ್ರದ ಕಾಗದ ಹಪ್ಪಳದ ಹಾಗೆ ಕಂದಿತು.
ಬೆಸ್ಕಾಂ ಬಿಲ್ಲು ಕಟ್ಟುವವಳು ನಾನು.
ಒಂದೇ ಒಂದನ್ನು ನೆನಪಿಗೆ ಹಚ್ಚೋಣ ಅಂದರೂ ಆಗದು,
ಹಚ್ಚಿದರೆ ನಲವತ್ತೂ ಹಚ್ಚಬೇಕು.

ಸುರುಳಿಯನ್ನೇ ತಂದೆ.
ಜೆಸಿಂತಾ ಅರ್ಧ ಗಂಟೆಯಲ್ಲಿ
ಕಾಂಪೌಂಡು, ಗೇಟು, ಗೋದಲಿಯ ಸೂರು,
ಎಲ್ಲ ಅಂಟಿಸಿ ಕೈ ಝಾಡಿಸಿದಳು.
ಗುಂಡಿ ಒತ್ತಿದರೆ ಅಂಗಳ ನೇರಳೆ,
ಮತ್ತೊತ್ತಿದರೆ ಹಸಿರು.
ಹದಿನೈದು ದಿನ ನೀರು ಚಿಮುಕಿಸಿ ಬೆಳೆಸಿದ ರಾಗಿ ಪೈರು
ಪ್ಲಾಸ್ಟಿಕ್ಕಿನದೋ ಅನ್ನುವಂತೆ ನಿಂತಿತು.
ಜೋಸೆಫರ ಮುಖದಲ್ಲಿ ಕಾಮಾಲೆ.
ಪಕ್ಕದ ಮನೆಯ ಶಾರದಮ್ಮ ಗೋಡೆಯಿಂದ ಇಣುಕಿ
"ಮಾಲ್ ಇದ್ದ ಹಾಗಿದೆ ಕಣ್ರೀ" ಅಂದರು.
ಹೊಗಳಿದ್ದೇ.

ಬಾಲಯೇಸುವನ್ನು ನಾವು ಮಲಗಿಸುವುದು ಹನ್ನೆರಡಕ್ಕೆ.
ಅಲ್ಲಿಯವರೆಗೆ ಹುಲ್ಲಿನ ತೊಟ್ಟಿಲು ಖಾಲಿ.
ಖಾಲಿ ಅಂದರೆ,
ಪ್ರತಿ ವರ್ಷ ಪಟ್ಟೆ ಬೆಕ್ಕಿನ ಪಾಲು.
ಹುಲ್ಲಿನ ಹಿಂದೆ ಮಾವ ಸಿಕ್ಕಿಸುತ್ತಿದ್ದ ಮೂರು ಕೆಂಪು ಬಲ್ಬಿನ ಕಾವಿಗೆ
ಅದು, ಅದರ ತಾಯಿ, ಆ ತಾಯಿಯ ತಾಯಿ,
ಸುರುಳಿ ಸುತ್ತಿ ಮಲಗಿ
ಹನ್ನೆರಡಕ್ಕೆ ನಮ್ಮ ಕೈಯಲ್ಲಿ ಗುರ್ರನ್ನುತ್ತ ಏಳುತ್ತಿದ್ದವು,
ಅಲ್ಲೇ ಮಗು ಮಲಗುತ್ತಿತ್ತು.
ಈ ಸಲ ಬಂತು. ಮೂಸಿತು.
ನನ್ನನ್ನು ಒಮ್ಮೆ ನೋಡಿತು.
ಹೋಯಿತು.

ಡಿಸೆಂಬರಿನ ಚಳಿ ಮೊಣಕಾಲಿಗೆ ಇಳಿದಿತ್ತು.
ಗಂಟೆ ಹೊಡೆಯಿತು.
ಮಗುವನ್ನು ಇಡುವ ಮುಂಚೆ ಹುಲ್ಲು ಮುಟ್ಟಿ ನೋಡಿದೆ,
ಯಾಕೆ ಅಂತ ಜೆಸಿಂತಾ ಕೇಳಲಿಲ್ಲ.
ಅವಳೂ ಮುಟ್ಟಿದಳು.

ಗೇಟು ಹಾಕಲು ಹೋದಾಗ ಕಂಡಿದ್ದು:
ಮೀಟರ್ ಗೂಡಿನ ಕಟ್ಟೆಯ ಮೇಲೆ
ಸುರುಳಿಗೆ ಕರೆಂಟು ಇಳಿಸಿ ಕೊಡುವ ಕರಿ ಡಬ್ಬಿ,
ಅಂಗೈಯಷ್ಟು, ತುಸು ಬೆಚ್ಚಗೆ.
ಅದನ್ನು ಹೊಟ್ಟೆಗೆ ಅವುಚಿಕೊಂಡು,
ಬಾಲ ಮೂಗಿಗೆ ಮುಚ್ಚಿಕೊಂಡು,
ಸೇಟು ಲೆಕ್ಕಕ್ಕೆ ಹಿಡಿಯದೆ ಬಿಟ್ಟ
ಎರಡು ಪೈಸೆಯ ಮೇಲೆ
ಬೆಕ್ಕು ಮಲಗಿತ್ತು.