ಡ್ರಮ್ಸ್: ಇಲ್ಲ

ಅಂಚೆಯಲ್ಲಿ ಬಂತು. ಜೊತೆಗೆ ಕಾಗದವಿಲ್ಲ, ಒಂದು ಸಾಲೂ ಇಲ್ಲ.
ಹೊದಿಕೆಯ ಮೇಲೆ ಅವನ ಎಡಗೈ ಮಾತ್ರ,
ಹಲ್ ಊರಿನ ಮೀನುಕಟ್ಟೆಯಲ್ಲಿ ಹದಿನಾರಕ್ಕೇ
ತುದಿ ಕಳಕೊಂಡ ಕಿರುಬೆರಳ ಸಮೇತ.
ಹಿಂಬದಿಗೆ ಇರುವೆಸಾಲಿನಂಥ ಅಕ್ಷರ:
ಗಿಟಾರ್, ಬೇಸ್, ದನಿ – ನೆವಿಲ್ ಸ್ಟಾತರ್ಸ್.
ಡ್ರಮ್ಸ್: ಇಲ್ಲ.

ಬಿಟ್ಟುಬಿಡಬಹುದಿತ್ತು, ಯಾರು ಕೇಳುತ್ತಿದ್ದರು?
ಇಲ್ಲದ್ದನ್ನೂ ಅಚ್ಚು ಹಾಕಿಸಿದ್ದಾನೆ ಮಹಾರಾಯ.

ಹತ್ತೊಂಬತ್ತು ವರ್ಷ ಅವನ ಬೆನ್ನು ನೋಡಿದವನು ನಾನು.
ಜನಕ್ಕೆ ಕಂಡದ್ದು ಡೆರಿಕ್‌ನ ಬಾಯಿ, ಡೆರಿಕ್‌ನ ಸೊಂಟ;
ನನಗೆ ನೆವ್‌ನ ಅಂಗಿಯ ಬೆವರು,
ಪಟ್ಟಿಯ ಅಡಿಯಿಂದ ನಿಧಾನಕ್ಕೆ ಹಬ್ಬುವ ಭೂಪಟ.
ಸೋಲೋ ಬಂದರೆ ಸಾಕು, ಹಗ್ಗ ಬಿಚ್ಚಿದ ಕರು.
ಕಾಲಲ್ಲಿ ದಮ್ ದಮ್ ಎಂದು ಗೂಟ ಹೊಡೆದು
ಎಳೆದು ಕಟ್ಟುತ್ತಿದ್ದೆ.
ಬ್ಯಾಂಡು ಮುರಿದದ್ದು ಲೀಡ್ಸ್ ದಾರಿಯ ಪೆಟ್ರೋಲ್ ಬಂಕಿನಲ್ಲಿ,
ವ್ಯಾನಿನ ಡೀಸೆಲ್ಲಿಗೆ ದುಡ್ಡು ಯಾರದೆಂಬ ಮಾತಿಗೆ.

ಈಗ ಬಸ್ಸು ಓಡಿಸುತ್ತೇನೆ.
ಕೊನೆಯ ನಿಲ್ದಾಣದಲ್ಲಿ ಹನ್ನೊಂದು ನಿಮಿಷ ಬಿಡುವು.
ಎಂಜಿನ್ ಆರಿಸಿ, ಫ್ಲಾಸ್ಕು ತೆರೆದು,
ದಿನಕ್ಕೆರಡು ಹಾಡು, ಕಂತಿನಲ್ಲಿ ಕೇಳಿದೆ ಅವನನ್ನು,
ಹಳೇ ಸಾಲ ತೀರಿಸುವವನ ಹಾಗೆ.

ವಿದರ್ನ್‌ಸೀ ದಂಡೆಯಲ್ಲಿ, ಚಳಿಗಾಲಕ್ಕೆ ಬೀಗ ಹಾಕಿದ
ಕ್ಯಾರವಾನುಗಳ ನಡುವೆ, ಒಂದರೊಳಗೆ ಒಬ್ಬನೇ ಕೂತು
ಮುದ್ರಿಸಿದ್ದಂತೆ. ಗಾಳಿ ತಗಡನ್ನು ಎತ್ತೆತ್ತಿ ಬಿಡುತ್ತದೆ.
ಒಂದು ಹಾಡಿನ ನಟ್ಟನಡುವೆ ಕೆಟಲು ಸಿಳ್ಳೆ ಹಾಕಿತು.
ಅವನು ನಿಲ್ಲಿಸಲಿಲ್ಲ.
ಸಿಳ್ಳೆಯ ಸ್ವರ ಹಿಡಿದು ತಂತಿಯನ್ನು ಅಲ್ಲಿಗೇ ಎಳೆದ,
ಎಳೆದ, ಎಳೆದ,
ಎರಡೂ ಒಂದಾಗುವ ಹೊತ್ತಿಗೆ
ನನ್ನ ಚಹಾ ತಣ್ಣಗಾಗಿತ್ತು.

ಒಪ್ಪುತ್ತೇನೆ, ತಪ್ಪು ಹುಡುಕಲೆಂದೇ ಕೂತಿದ್ದೆ.
ಈಗ ಓಡುತ್ತಾನೆ, ಇಗೋ, ಈ ತಿರುವಿನಲ್ಲಿ,
ಎಂದು ಸ್ಟಿಯರಿಂಗಿನ ಮೇಲೆ ಬೆರಳು ಕುಟ್ಟುತ್ತ.
ಓಡಲಿಲ್ಲ.
ಏಳನೆಯದರಲ್ಲಿ ಒಂದು ಕಡೆ ಪೂರ್ತಿ ನಿಂತೇಬಿಟ್ಟ.
ನಾಲ್ಕೆಣಿಕೆಯಷ್ಟು ಬರಿದು. ಗಾಳಿ ಕೂಡ ಇಲ್ಲ.
ಅದು ನನ್ನ ಜಾಗ, ನನಗೆ ಗೊತ್ತು.
ಅಂಥಲ್ಲಿ ಹಿತ್ತಾಳೆಯ ತಟ್ಟೆಗೆ ಒಂದು ಏಟು ಕೊಟ್ಟು
ಮರುಗಳಿಗೆ ಅಂಚು ಹಿಡಿದು ಸುಮ್ಮನಾಗಿಸುತ್ತಿದ್ದೆ.
ಏಟನ್ನು ಬಿಟ್ಟು ಆ ಸುಮ್ಮನನ್ನಷ್ಟೇ
ಇಟ್ಟುಕೊಂಡಿದ್ದಾನೆ.

ಕೊನೆಗೆ ಹಾಡುತ್ತಾನೆ ಕೂಡ! ನೆವ್!
ನಾಲಿಗೆ ತೊಡರೀತೆಂದು ಹೆದರಿ
ಬಿಯರು ಕೇಳಲೂ ನನ್ನನ್ನೇ ಕಳಿಸುತ್ತಿದ್ದವನು.
ದನಿ ಚೆನ್ನಾಗಿಲ್ಲ. ಬೂಟಿನಿಂದ ಮರಳು ಸುರಿದ ಹಾಗೆ.
ಒಂದು ಪದದ ಹೊಸ್ತಿಲಲ್ಲಿ ಮೂರು ಸಲ ಎಡವುತ್ತಾನೆ.
ಅಳಿಸಿ ಮತ್ತೆ ಹಾಡಬಹುದಿತ್ತು,
ಹಾಗೇ ಬಿಟ್ಟಿದ್ದಾನೆ, ಕಿರುಬೆರಳ ಹಾಗೆ.

‘ಹೊರಡೋದಿಲ್ವೇನಪ್ಪಾ?’ ಹಿಂದಿನ ಸೀಟಿನ ಮುದುಕಿ,
ಮಡಿಲಲ್ಲಿ ಹೂಕೋಸು.
ಹದಿಮೂರು ನಿಮಿಷವಾಗಿತ್ತು.
ಕನ್ನಡಿ ನೋಡಿ ಬಲಕ್ಕೆ ದೀಪ ಹಾಕಿದೆ:
ಟಿಕ್, ಟಿಕ್, ಟಿಕ್,
ಅವನ ಲಯಕ್ಕಿಂತ ಕೂದಲೆಳೆಯಷ್ಟು ನಿಧಾನ.
ಸೇರೀತೇನೋ ಎಂದು ತುಸು ಕಾದೆ.
ಸೇರಲಿಲ್ಲ. ರಸ್ತೆ ಖಾಲಿಯಿತ್ತು.
ಹೊರಟೆ.