ಎರಡು ಸೊನ್ನಿ

ಕಸ್ತೂರಿ ಸಿಕ್ಕೇರಿ ಹೆಸರು ಮಾರತಾಳಂತ ಊರಾಗ ಸುದ್ದಿ ಆದಾಗ
ಮೊದಲ ಬಂದಾಂವ ಗಂಡುಕೂಸಿಗೆ ಹೆಸರು ಕೇಳಾಕ ಬಂದಿದ್ದ.
ರಾಶಿ ನಕ್ಷತ್ರದ ಚೀಟಿ ಕೈಯಾಗಿತ್ತು.
ಆಕಿ ನಗಲಿಲ್ಲ. ಕುಂಡ್ರಿಸಿ, ನೀರು ಕೊಟ್ಟು, ತಿಳಿಸಿ ಹೇಳಿದಳು:
ಇದು ಕೂಸಿಂದಲ್ಲೊ ಯಪ್ಪಾ, ಇಂಟರ್ನೆಟ್ಟಿನ ವಿಳಾಸ.
ವರ್ಷಾ ರೊಕ್ಕ ಕಟ್ಟಬೇಕು,
ಕಟ್ಟದಿದ್ದರ ಹೆಸರು ಹೋಗತೈತಿ.
'ಹಂಗಾರ ಬ್ಯಾಡ ಬಿಡ್ರಿ,' ಅಂದ,
'ನಮ್ಮ ಮುತ್ಯಾ ಸತ್ತು ಮೂವತ್ತು ವರ್ಷ ಆತು,
ಹೆಸರು ಇನ್ನೂ ಪುಕ್ಕಟ ನಡದೈತಿ.'

ನವನಗರದಾಗ ಖಣದ ಅಂಗಡಿ ಮ್ಯಾಲೆ ಒಂದು ಖೋಲಿ.
ಫೋನಿನ ತಂತಿಯೊಳಗಿಂದ ಬರೋ ಕಿರುಚಾಟ ಕೇಳಿ
ಕೆಳಗಿನ ಪಟ್ಟಣಶೆಟ್ಟರು 'ಬೆಕ್ಕು ಸಾಕೀರೇನ್ರಿ?' ಅಂತಿದ್ದರು.
ನಾ ಆಕಿ ಮೊದಲ ಕಾರಕೂನ. ಪಗಾರ ಎಂಟುನೂರು.
ಉದ್ದನ್ನ ರಜಿಸ್ಟರಿನಾಗ ಬರಿಯೋದು:
ಯಾವ ಹೆಸರು, ಯಾರದು, ಎಲ್ಲೀತನಕ.
'ಮಶಿನ್ ಮರೀತೈತಿ, ನೀ ಬರಿ' ಅನ್ನಾಕಿ.

ಆಕಿ ಅಪ್ಪ ಪೇಂಟರ್. ಹಳೇ ಬಾಗಲಕೋಟದಾಗ ಬೋರ್ಡು ಬರಿಯಾಂವ.
ಹಿನ್ನೀರು ಬರತೈತಿ ಅಂದ ವರ್ಷ
ಸಾಹೇಬರು ಅಂವಗ ಒಂದು ಡಬ್ಬಿ ಕೆಂಪು ಬಣ್ಣ ಕೊಟ್ಟು
ಮುಳುಗೋ ಬಾಗಿಲಕ್ಕೆಲ್ಲ ನಂಬರ್ ಹಾಕಿಸಿದರು.
ಬಡಿಗ್ಯಾರ ಮನಿ ೮೧೨ ಆತು,
ಗೌಳೇರ ದನದ ಹಕ್ಕಿ ೮೧೩.
ತನ್ನ ಬಾಗಿಲಕ್ಕೂ ತಾನ ಬರದ: ೧೧೪೦.
ಬಣ್ಣ ಹಸೀ ಇದ್ದಾಗ ಕಸ್ತೂರಿ ಮುಟ್ಟಿದಳಂತ,
ಕಡೀ ಸೊನ್ನಿ ಒಂದ ಕಡೆ ಜೋತುಬಿತ್ತು.
ಅಪ್ಪ ತಿದ್ದಲಿಲ್ಲ. ಮುಳುಗೋ ಬಾಗಿಲಕ್ಕ ಎಂಥಾ ತಿದ್ದು.

ಗುಳೇದಗುಡ್ಡದ ಅಣ್ಣತಮ್ಮ ಒಂದ ಅಂಗಡಿ ಹೆಸರಿಗೆ ಬಡದಾಡಿಕೊಂಡು ಬಂದರು.
ಅಣ್ಣಗ ಹೆಸರು, ತಮ್ಮಗ ಅದ ಹೆಸರಿನ ನಡುವ ಒಂದು ಗೆರಿ, ಅಂದಳು.
ಗೆರಿ ಅಂದ್ರ ಮನಿ ಪಾಲು ಮಾಡಿದ ಗೋಡಿ ನೆನಪಾಗತೈತಿ ಅಂತ
ತಮ್ಮ ಅಲ್ಲೇ ಅತ್ತುಬಿಟ್ಟ.
ಹೆಸರು ಇಬ್ಬರೂ ತಗೊಳ್ಳಲಿಲ್ಲ. ಚಾ ಮಾತ್ರ ಕುಡದು ಹ್ವಾದರು.

ಮುಂದ ಕನ್ನಡ ಅಕ್ಷರದಾಗ ವಿಳಾಸ ಬಂತು.
ಸಿಂಗಾಪುರದ ಸಭಾಕ್ಕ ಕರದರು, ಶೇಂಗಾಹಿಂಡಿ ಕಟಗೊಂಡು ಹ್ವಾದಳು.
ಒತ್ತು ಅಂದ್ರೇನು, ಅರ್ಕಾವತ್ತು ಯಾಕ ಹಿಂದ ಕುಂಡ್ರತೈತಿ,
ಬಾಗಲಕೋಟನೋ ಬಾಗಲಕೋಟೆನೋ,
ಮೂರು ದಿನ ವಾದ ಮಾಡಿ ಗೆದ್ದು ಬಂದಳು.
ಹತ್ತು ಸಾವಿರ ಹೆಸರು. ಖೋಲಿ ಹೋಗಿ ಮಹಡಿ ಆತು.

ಆಮ್ಯಾಲೆ ಆ ಪತ್ತಿನ ಸಂಘ.
ಯಾರೋ ಕಳ್ಳ ಅದ ಹೆಸರು ತಗೊಂಡಿದ್ದ,
ಸಕಾರದ ಮುಂದಿನ ಸೊನ್ನಿ ಅಕ್ಷರ ಅಲ್ಲ, ಅಂಕಿ.
ಕಣ್ಣಿಗೆ ಎರಡೂ ಒಂದ.
ಅರವತ್ನಾಕು ಮಂದಿ ರೊಕ್ಕ ಹಾಕಿ ಕಳಕೊಂಡರು,
ಅದರಾಗ ಪಟ್ಟಣಶೆಟ್ಟರ ಸೊಸಿನೂ ಒಬ್ಬಾಕಿ.
ರಜಿಸ್ಟರ್ ತೆಗದು ನೋಡಿದೆ. ನನ್ನ ಅಕ್ಷರ.
ಎರಡೂ ಸಂಘ ಬರಕೊಂಡಿದ್ದೆ, ಒಂದರ ಕೆಳಗೊಂದು,
ಪೆನ್ನಿಗೆ ಎರಡೂ ಒಂದು ಸುತ್ತು.
ಆಕಿ ನನ್ನ ಬೈಲಿಲ್ಲ. ಬೈದಿದ್ದರ ಚಲೋ ಇತ್ತು.
'ಒಂದಕ್ಕ ಮೂಗು ಐತೊ, ಉಸಿರು ಐತಿ.
ಇನ್ನೊಂದರಾಗ ಏನೂ ಇಲ್ಲ.
ಇಷ್ಟ ಫರಕು. ನಾವು ನೋಡಲಿಲ್ಲ.'

ಮಹಡಿ ಮಾರಿ ರೊಕ್ಕ ತುಂಬಿಕೊಟ್ಟಳು.
ಅಕ್ಷರದ ನಡುವ ಅಂಕಿ ಬರಬಾರದಂತ ಕಾಯ್ದೆ ಮಾಡಿದಳು.
ಹೆಸರುಗಳನ್ನ ಹೈದರಾಬಾದಿನ ಕಂಪನಿ ತಗೊಂತು,
ರಜಿಸ್ಟರು ಬ್ಯಾಡಂದರು. ಹದಿನೇಳು. ನಮ್ಮ ಮಾಳಿಗಿ ಮ್ಯಾಲದಾವ.

ಮೊನ್ನೆ ಮೇದಾಗ ಹಿನ್ನೀರು ಇಳದಿತ್ತು.
ನನ್ನ ಗಾಡಿ ಹಿಂದ ಕುಂತು ಬಂದಳು, ಕೊಡಿ ಹಿಡಕೊಂಡು.
ಬಿರಿದ ರಾಡ್ಯಾಗ ಒಂದು ಚೌಕಟ್ಟಿನ ಕಲ್ಲು.
ಉಗುರಿಲೆ ಪಾಚಿ ಕೆರದಳು: ಮಾಸಿದ ಕೆಂಪು,
ಒಂದು ಸುತ್ತು, ಒಂದ ಕಡೆ ಜೋತಿದ್ದು. ಉಳದದ್ದು ಉದರಿತ್ತು.
'ನಿಮ್ಮ ಮನಿ ಏನ್ರಿ?'
'ಅಂಕಿ ಆದರ ನಮ್ಮದು.
ಅಕ್ಷರ ಆದರ ಯಾರದೋ ಬೋರ್ಡಿನ ಚೂರು.'
ಹೊತ್ತು ಭಾಳ ಹೋತು.
'ರಜಿಸ್ಟರ್ ತಂದೀಯೇನು?'
'ಇಲ್ರಿ.'
'ಕೈ ಮ್ಯಾಲೆ ಬರಕೋ.'
ಬರಕೊಂಡೆ.
ಬೆವರಿಗೆ ಅಳಸೋದರೊಳಗ ಮನಿ ಮುಟ್ಟಬೇಕಂತ
ಒಂದ ಕೈಲೆ ಗಾಡಿ ಹೊಡದೆ.